ಆ ಹಾಲ್‌ನ ಬೀಗ ತೆಗೆಸಿ, ಸ್ವಾಮಿ

ಮಾನ್ಯ ಅಧ್ಯಕ್ಷರಿಗೆ,

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನವರು ತಮಗೆ ಕೊಟ್ಟ ಮನವಿಗಳ ಗತಿ ತಮಗೇ ಗೊತ್ತು. ಅವರಲ್ಲಿ ಬೆಳಗಾವಿ, ವಿಜಯಪುರ ಕಡೆಯ ಕನ್ನಡಿಗರೂ ಇದ್ದಾರೆ. ಮೊದಲ ಮನವಿಗೆ ಇನ್‌ವರ್ಡ್ ನಂಬರಾದರೂ ಸಿಕ್ಕಿತು, ಆಮೇಲಿನವಕ್ಕೆ ಅದೂ ಇಲ್ಲ. ಹಿರಿಯರು ಖುದ್ದಾಗಿ ಬಂದರೆ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಅದಕ್ಕೇ ಈ ಬಹಿರಂಗ ಪತ್ರ.

ಅವರು ಸಬ್ಸಿಡಿ ಕೇಳಿಲ್ಲ. ವೇದಿಕೆಯ ಮೇಲೆ ತಾವೇ ಘೋಷಿಸಿದ ಹಾಲ್ ಕೇಳಿದ್ದಾರೆ: ತಿಂಗಳಿಗೊಂದು ಶನಿವಾರ ಸಂಜೆ ಟರ್ನರ್, ಡೈ ಮೇಕರ್, ಕಾಲೇಜಿನ ಮೇಷ್ಟ್ರು, ಪ್ರಯೋಗಾಲಯದವರು ಒಟ್ಟಿಗೆ ಕೂರಲು ಒಂದು ಜಾಗ. ಚಪ್ಪಾಳೆ ಬಿತ್ತು, ಫೋಟೋ ಬಂತು. ಬಾಗಿಲ ಮೇಲೆ ‘ಇನ್ನೋವೇಶನ್ ಹಬ್’ ಎಂಬ ಬೋರ್ಡು ಬಂತು, ಅದರ ಹಿಂದೆಯೇ ಬೀಗವೂ ಬಂತು. ಕಿಟಕಿಯಲ್ಲಿ ಇಣುಕಿದರೆ ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿ, ಸುತ್ತಿಟ್ಟ ಫ್ಲೆಕ್ಸುಗಳು.

ಕೂತು ಮಾತಾಡಿದರೆ ಏನು ಬಂತು ಎಂದು ತಮ್ಮ ಕಚೇರಿಯಲ್ಲಿ ಯಾರೋ ಕೇಳಿದರಂತೆ. ಭೋಸರಿಯ ಒಬ್ಬ ಟರ್ನರ್ ತಾನೇ ಕಟ್ಟಿದ ಫಿಕ್ಸ್ಚರ್‌ನಲ್ಲಿ ಎಲ್ಲ ಸರಿಯಿದೆ, ರಬ್ಬರ್ ಸೀಲ್ ಮಾತ್ರ ಕೂಲೆಂಟ್‌ನಲ್ಲಿ ನೆನೆದು ಊದಿಕೊಳ್ಳುತ್ತದೆ. ಯಾವ ಪಾಲಿಮರ್ ತಾಳುತ್ತದೆಂದು ಹೇಳಬಲ್ಲವರು ಪಾಷಾಣ್ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ (ಎನ್‌ಸಿಎಲ್) 1950ರಿಂದಲೂ ಇದ್ದಾರೆ. ಒಂದೇ ಊರು, ಆದರೂ ಇವರಿಗೆ ಅವರ ಮುಖಪರಿಚಯವಿಲ್ಲ. ಎನ್‌ಸಿಎಲ್ ಆವರಣದಲ್ಲೇ 2007ರಲ್ಲಿ ಶುರುವಾದ ವೆಂಚರ್ ಸೆಂಟರ್ ವಿಜ್ಞಾನಿಗಳನ್ನೂ ಹೊಸ ಉದ್ಯಮಿಗಳನ್ನೂ ಒಂದೇ ಸೂರಿನಡಿ ತಂದಿದೆ. ಲೇತ್‌ನ ಮುಂದೆ ನಿಂತವನಿಗೂ ಅಂಥದ್ದೇ ಒಂದು ಬಾಗಿಲು ಬೇಕು.

ಅಮೆರಿಕದ ವಿದ್ವಾಂಸೆ ಆನಲೀ ಸ್ಯಾಕ್ಸೇನಿಯನ್ 1994ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ. ಸಿಲಿಕಾನ್ ವ್ಯಾಲಿಯ ಎಂಜಿನಿಯರುಗಳು ಕಂಪನಿಯ ಗೋಡೆ ದಾಟಿ ಮಾತಾಡಿಕೊಂಡರು, ಕೆಲಸ ಬದಲಿಸಿದರು, ಊರು ಬೆಳೆಯಿತು. ಬಾಸ್ಟನ್ ಸುತ್ತಲಿನ ದೊಡ್ಡ ಕಂಪನಿಗಳು ಎಲ್ಲವನ್ನೂ ತಮ್ಮೊಳಗೇ ಇಟ್ಟುಕೊಂಡು ಹಿಂದೆ ಬಿದ್ದವು.

ಅಷ್ಟು ದೂರ ಯಾಕೆ? ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಅಲ್ಲಿನ ಪುರಸಭೆ ಜಾಗ ಖಾಲಿ ಮಾಡಿ ಎಂದಿತು. ಔಂಧ್ ಸಂಸ್ಥಾನದ ದೊರೆ ಜಾಗ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮಗ ಶಂತನುರಾವ್ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಶುರುಮಾಡಿದರು, 1962ರಲ್ಲಿ ಅಮೆರಿಕದ ಕಮಿನ್ಸ್ ಕಂಪನಿಯ ಜೊತೆಗೂಡಿದರು. ಬೆಳಗಾವಿಯ ಆ ನೋಟಿಸಿಗೆ ಸಹಿ ಹಾಕಿದವರು ಯಾರೆಂದು ಇಂದು ಯಾರಿಗೆ ನೆನಪಿದೆ?

ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧ ಕಂಡುಹಿಡಿದದ್ದೂ ಒಂಟಿ ಕೋಣೆಯಲ್ಲಿ ಕೂತಲ್ಲ, ಕಾರ್ಖಾನೆಗೇ ಅಂಟಿಕೊಂಡಿದ್ದ ಸಂಶೋಧನಾ ವಿಭಾಗದಲ್ಲಿ.

ನೀವೋ, ಭಾಷಣದಲ್ಲಿ ಪೇಟೆಂಟ್‌ಗಳ ಲೆಕ್ಕ ಒಪ್ಪಿಸುತ್ತೀರಿ. ಅರ್ಜಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಇರಬೇಕು, ಅದು ಹೋಗುವುದು ಮುಂಬೈ ಕಚೇರಿಗೆ. ಮರಾಠಿ, ಕನ್ನಡ ಬಲ್ಲ ಫಿಟ್ಟರ್‌ಗೆ ಅದನ್ನು ಬರೆದುಕೊಡುವವರು ಯಾರು, ಏಜೆಂಟನ ಫೀಸು ಕಟ್ಟುವವರು ಯಾರು? ಅದಕ್ಕೊಂದು ಕೌಂಟರ್ ಇಡಿ.

ಮೊದಲು ಹಾಲ್. ಬರುವ ತಿಂಗಳ ಯಾವ ಶನಿವಾರ, ಎಷ್ಟು ಹೊತ್ತಿಗೆ, ಕೀಲಿ ಯಾರ ಕೈಯಲ್ಲಿ ಎಂದು ಬರೆದು ಕಳಿಸಿ. ಕೊಡುವ ಮನಸ್ಸಿಲ್ಲದಿದ್ದರೆ ಅದನ್ನೇ ಸಹಿ, ಸೀಲು ಹಾಕಿ ಕೊಡಿ. ಭೋಸರಿಯವರು ಬೇರೆ ಜಾಗ ನೋಡಿಕೊಳ್ಳುತ್ತಾರೆ.