‘ಸೆಟಲ್’ ಆದವರು ಯಾರು?

ನಮ್ಮ ಕಡೆಯ ಮದುವೆಮನೆಗಳಲ್ಲಿ ಊಟದ ಪಂಕ್ತಿ ಏಳುವುದರೊಳಗೆ ಒಂದು ಮಾತು ನನ್ನ ಕಿವಿಗೆ ಬಿದ್ದೇ ಬೀಳುತ್ತದೆ. “ಮಗಳು ಅಮೆರಿಕದಲ್ಲಿ ಸೆಟಲ್ ಆದ್ಲಲ್ಲ ಟೀಚರ್, ನಿಮಗಿನ್ನೇನು ಚಿಂತೆ!” ಹೇಳುವವರ ಮನಸ್ಸು ಒಳ್ಳೆಯದೇ. ಕೆಲವು ವರ್ಷ ನಾನೂ ಆ ಮಾತಿಗೆ ನಕ್ಕು ತಲೆಯಾಡಿಸಿದವಳು. ಈಗ ಆಡಿಸುವುದಿಲ್ಲ. ಆ ಶಬ್ದದ ಮೇಲೆ ನನ್ನದೊಂದು ತಕರಾರಿದೆ.

ನನ್ನ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬಿ.ಇಡಿ. ಮುಗಿಸಿ, ಎರಡು ವರ್ಷ ಪಿ.ಯು. ಕಾಲೇಜಿನಲ್ಲಿ ಪಾಠ ಹೇಳಿದವಳು. 2018ರಲ್ಲಿ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನಿಗೆ ಕೊಟ್ಟು ಮದುವೆ ಮಾಡಿದೆವು. ಹುಡುಗನ ಸಂಬಳ ಕೇಳಿದೆವು, ಗೋತ್ರ ಕೇಳಿದೆವು, ಜಾತಕ ಕೂಡಿಸಿ ನೋಡಿದೆವು. ನಮ್ಮ ಹುಡುಗಿ ಯಾವ ವೀಸಾದ ಮೇಲೆ ಹೋಗುತ್ತಾಳೆ, ಅಲ್ಲಿ ಅವಳು ಕೆಲಸ ಮಾಡಬಹುದೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತು “ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು” ಎಂದು ಬೋಧಿಸಿದ ನಾನೂ ಕೇಳಲಿಲ್ಲ.

ವಿಷಯ ಇಷ್ಟೇ. ನಮ್ಮ ಹುಡುಗರಲ್ಲಿ ಬಹಳ ಮಂದಿ ಅಮೆರಿಕಕ್ಕೆ ಹೋಗುವುದು ಎಚ್-1ಬಿ ವೀಸಾದ ಮೇಲೆ. ಕಟ್ಟಿಕೊಂಡ ಹೆಂಡತಿಗೆ ಸಿಗುವುದು ಎಚ್-4. ಕಾನೂನಿನ ಮಾತಿನಲ್ಲಿ ಅವಳು ‘ಅವಲಂಬಿತೆ’. ಓದಬಹುದು, ಕಾರು ಓಡಿಸಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. 2015ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಗಂಡನ ಕಂಪನಿ ಗ್ರೀನ್ ಕಾರ್ಡಿಗಾಗಿ ಹಾಕಿದ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಹೆಂಡತಿ ಕೆಲಸದ ಪರವಾನಗಿ ಕೇಳಬಹುದು. ಅಂದರೆ ಅವಳ ಡಿಗ್ರಿಗೆ ಜೀವ ಬರುವುದು ಗಂಡನ ಕಂಪನಿ ಮನಸ್ಸು ಮಾಡಿದ ಮೇಲೆ. ಅವನ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ; ಆ ಗಡುವು ಅವಳಿಗೂ ಅನ್ವಯ. ವಿಚ್ಛೇದನವಾದರೆ ಎಚ್-4 ಅಲ್ಲಿಗೆ ಮುಗಿಯಿತು.

2022ರ ಏಪ್ರಿಲ್‌ನಲ್ಲಿ ಮಗಳಿಗೆ ಹೆರಿಗೆಯಾಯಿತು. ಬೇಸಿಗೆ ರಜೆಗೆ ಗಳಿಕೆ ರಜೆ ಸೇರಿಸಿಕೊಂಡು ಬಾಣಂತನಕ್ಕೆಂದು ಹೋದೆ. ಸಂಸಾರ ಹೂಡುವುದು ಎಂದರೇನೆಂದು ಅಲ್ಲಿ ಕಣ್ಣಾರೆ ಕಂಡೆ. ಬಾಡಿಗೆ ಮನೆ ಹುಡುಕಿದವಳು ಅವಳು. ಕರೆಂಟಿನ ಖಾತೆ, ಮಗುವಿನ ವೈದ್ಯರು, ಚುಚ್ಚುಮದ್ದಿನ ಪಟ್ಟಿ, ವಿಮೆಯವರೊಡನೆ ಫೋನಿನಲ್ಲಿ ಗಂಟೆಗಟ್ಟಲೆ ವಾದ, ಸೋನಾ ಮಸೂರಿ ಅಕ್ಕಿ ಎಲ್ಲಿ ಅಗ್ಗ ಎಂಬ ಶೋಧ, ಎಲ್ಲವೂ ಅವಳದೇ. ಮೊದಲ ಪ್ರಯತ್ನದಲ್ಲಿ ನಪಾಸಾಗಿ, ಎರಡನೆಯದರಲ್ಲಿ ಪಾಸಾಗಿ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಿದ್ದಳು. ಅಳಿಯ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆಗೆ ಬರುತ್ತಿದ್ದ. ಆ ಮನೆಯನ್ನು ಆ ಊರಿನಲ್ಲಿ ಊರಿ ನಿಲ್ಲಿಸಿದವಳು ಅವಳು.

ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ಟಪಾಲಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಮಗುವಿನ ಸೋಷಿಯಲ್ ಸೆಕ್ಯೂರಿಟಿ ಕಾರ್ಡು. ಅಲ್ಲಿ ಕೆಲಸಕ್ಕೂ ಸಾಲಕ್ಕೂ ಆ ಸಂಖ್ಯೆಯೇ ಮೂಲ. ಕೆಲಸದ ಪರವಾನಗಿಯಿಲ್ಲದ ಎಚ್-4 ಹೆಂಗಸರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಮಗಳು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಅಮ್ಮಾ, ಕತ್ತು ನಿಲ್ಲದ ಕೂಸಿಗೆ ನಂಬರು ಬಂತು ನೋಡು, ನನಗಿನ್ನೂ ಇಲ್ಲ” ಎಂದು ನಕ್ಕಳು. ಆ ನಗು ನನಗೆ ಹೊಸದಲ್ಲ. ಫಲಿತಾಂಶದ ದಿನ ಫೇಲಾದ ಹುಡುಗಿಯರು ಗೆಳತಿಯರ ಮುಂದೆ ಹಾಗೆಯೇ ನಗುತ್ತಾರೆ. ಗಂಡನಿಗೆ ನೌಕರಿ, ಮಗುವಿಗೆ ಪೌರತ್ವ, ಇಬ್ಬರನ್ನೂ ನೆಲೆ ನಿಲ್ಲಿಸಿದವಳಿಗೆ ‘ಅವಲಂಬಿತೆ’ ಎಂಬ ಹೆಸರು!

ಇದಕ್ಕೆ ಉತ್ತರಗಳು ಸಿದ್ಧವಾಗಿವೆ, ಬಲ್ಲೆ. “ಅಳಿಯ ಒಳ್ಳೆಯವನಲ್ಲವೇ?” ಒಳ್ಳೆಯವನೇ. ಮಗುವಿಗೆ ಸ್ನಾನ ಮಾಡಿಸುತ್ತಾನೆ, ಪಾತ್ರೆ ತೊಳೆಯುತ್ತಾನೆ. ಆದರೆ ಗಂಡ ಒಳ್ಳೆಯವನಾಗಿದ್ದರಷ್ಟೇ ಹೆಂಡತಿಯ ಬದುಕು ನೆಟ್ಟಗಿರುತ್ತದೆ ಎಂಬ ಏರ್ಪಾಡನ್ನು ನಮ್ಮ ಅಜ್ಜಿಯಂದಿರು ಕಂಡಿದ್ದರು. ಅದರಿಂದ ಪಾರಾಗಲೆಂದೇ ಅಲ್ಲವೇ ಹೆಣ್ಣುಮಕ್ಕಳನ್ನು ಓದಿಸಿದ್ದು?

“ಮನೆಯಲ್ಲಿ ಆರಾಮಾಗಿದ್ದಾಳಲ್ಲ, ದುಡಿದೇ ತಿನ್ನಬೇಕೇ?” ಇಷ್ಟಪಟ್ಟು ಮನೆಯಲ್ಲಿರುವುದು ಬೇರೆ, ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿರುವುದು ಬೇರೆ.

“ಅದು ಅವರ ದೇಶ, ಅವರ ಕಾನೂನು.” ನಿಜ, ತಮ್ಮ ಜನರ ನೌಕರಿ ಕಾಯುವ ಹಕ್ಕು ಅವರಿಗಿದೆ. ಆದರೆ ಅದೇ ದೇಶದಲ್ಲಿ, ಕಂಪನಿಯೇ ತನ್ನ ಶಾಖೆಯಿಂದ ಶಾಖೆಗೆ ಎಲ್-1 ವೀಸಾದಲ್ಲಿ ಕಳುಹಿಸಿದವನ ಹೆಂಡತಿ ಕೆಲಸ ಮಾಡಬಹುದು. ಒಂದೇ ವಿಮಾನದಲ್ಲಿ ಪಕ್ಕಪಕ್ಕ ಕೂತು ಹೋದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ದುಡಿಯಬಹುದು, ಇನ್ನೊಬ್ಬಳು ದುಡಿಯಬಾರದು ಎಂಬುದು ಒಂದು ಅಕ್ಷರದ ಮೇಲೆ ನಿಂತಿದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಪಡೆದವನ ಹೆಂಡತಿಗೂ ಕೆಲಸಕ್ಕೆ ಅಡ್ಡಿಯಿಲ್ಲ. ಇದನ್ನೆಲ್ಲ ಮೊದಲೇ ತಿಳಿಯಬಹುದಿತ್ತು. ಅಮೆರಿಕದ ಸಂಸತ್ತಿನ ಮೇಲೆ ನನ್ನ ಮಾತು ನಡೆಯದು. ನಮ್ಮ ಜಗಲಿಯ ಮೇಲೆ ಕೂತು ಮಾತುಕತೆ ಮುಗಿಸಿದವರು ಮಾತ್ರ ನಾವೇ.

ನನ್ನ ಸಿಟ್ಟು ಇರುವುದು ಅಲ್ಲಿ. ಎಲ್ಲ ತಿಳಿದೂ “ಅವಳೂ ಅಲ್ಲಿ ಕೆಲಸ ಹುಡುಕ್ತಾಳೆ ಬಿಡಿ” ಎಂದು ತೇಲಿಸಿಬಿಡುವ ಗಂಡಿನ ಮನೆಯವರ ಮೇಲೆ. ಡಾಲರಿನ ಲೆಕ್ಕಕ್ಕೆ ಬೆರಗಾಗಿ ಮುಂದಿನ ಪ್ರಶ್ನೆ ಕೇಳಲು ಸಂಕೋಚಪಡುವ ಹೆಣ್ಣಿನ ಮನೆಯವರ ಮೇಲೆ. ಇವರಲ್ಲಿ ಒಬ್ಬಳಾದ ನನ್ನ ಮೇಲೆ.

ಆದ್ದರಿಂದ ಮಗಳನ್ನು ಹೊರದೇಶಕ್ಕೆ ಕೊಡುವವರಲ್ಲಿ ನನ್ನದೊಂದು ಒತ್ತಾಯ. ನಿಶ್ಚಿತಾರ್ಥಕ್ಕೆ ಮುಂಚೆ ವೀಸಾದ ಹೆಸರನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಅದರ ನಿಯಮ ಓದಿ. ಗ್ರೀನ್ ಕಾರ್ಡಿನ ಅರ್ಜಿ ಯಾವ ಹಂತದಲ್ಲಿದೆ ಎಂದು ಕೇಳಿ. ವರ್ಷಕ್ಕೆ ಕೊಡುವ ಅಂಥ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡ 7ರ ಮಿತಿಯಿದೆ. ನಮ್ಮವರ ಸರದಿ ದಶಕಗಳಷ್ಟು ಉದ್ದ. ಹುಡುಗಿಯ ಪಾಸ್‌ಪೋರ್ಟು, ಅಂಕಪಟ್ಟಿಗಳ ಅಸಲು ಪ್ರತಿಗಳು ಅವಳ ಕೈಯಲ್ಲೇ ಇರಲಿ. ಇಲ್ಲಿ ಅವಳ ಹೆಸರಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಸಾಲದೆ ಹೋದರೆ ಹಿಂತಿರುಗಿ ಬರಬಹುದು ಎಂದು ಬಾಯಿಬಿಟ್ಟು ಹೇಳಿ ಕಳುಹಿಸಿ. ಜನ ಏನೆಂದಾರು ಎಂಬ ಭಯಕ್ಕೆ ಆ ಬಾಗಿಲು ಹಾಕಬೇಡಿ. ಇಷ್ಟೆಲ್ಲ ತಿಳಿದೂ ಹುಡುಗಿ ಒಪ್ಪಿ ಹೊರಟರೆ ಸಂತೋಷವಾಗಿ ಕಳುಹಿಸಿ. ಅದು ಅವಳ ನಿರ್ಧಾರ.

ನನ್ನ ಮಗಳ ಕೈಗೆ ಕೆಲಸದ ಪರವಾನಗಿ ಬಂದದ್ದು 2024ರಲ್ಲಿ, ಹೋಗಿ ಆರು ವರ್ಷದ ಮೇಲೆ. ಅಲ್ಲಿ ಶಿಕ್ಷಕಿಯಾಗಲು ಆ ರಾಜ್ಯದ ಪ್ರಮಾಣಪತ್ರ ಬೇಕು, ಅದಕ್ಕಾಗಿ ಓದುತ್ತಿದ್ದಾಳೆ. ಅಲ್ಲಿಯವರೆಗೆ ಒಂದು ಶಾಲೆಯಲ್ಲಿ ಶಿಕ್ಷಕಿಯ ಸಹಾಯಕಿ. ಮೊದಲ ಸಂಬಳದಲ್ಲಿ ನನಗೊಂದು ಸ್ವೆಟರ್ ಕಳುಹಿಸಿದಳು. ನಮ್ಮೂರಿನ ಸೆಕೆಗೆ ಅದರ ಅಗತ್ಯವಿಲ್ಲ, ಆದರೂ ಹಾಕಿಕೊಂಡು ಶಾಲೆಗೆ ಹೋಗಿದ್ದೆ.

ಮೊನ್ನೆ ಒಂದು ಮದುವೆಯಲ್ಲಿ ಮತ್ತೆ ಅದೇ ಮಾತು ಬಂತು. “ಅಳಿಯನಿಗೆ ಕೆಲಸವಿದೆ, ಮೊಮ್ಮಗುವಿಗೆ ಪೌರತ್ವವಿದೆ, ಮಗಳು ಸೆಟಲ್ ಆಗೋದು ಇನ್ನೂ ಬಾಕಿ” ಎಂದೆ. ಕೇಳಿದಾಕೆಗೂ ಮದುವೆಗೆ ಬಂದ ಮಗಳಿದ್ದಾಳೆ. ಎಲೆಯ ಮೇಲಿನ ಕೈ ತಡೆದು, “ಅಂದ್ರೆ ಟೀಚರ್? ಏನದು, ಬಿಡಿಸಿ ಹೇಳಿ” ಎಂದರು. ಊಟ ಆರುವವರೆಗೂ ಹೇಳಿದೆ.