ಡಾಂಬರೋ, ಕಾಂಕ್ರೀಟೋ?

ಊರ ಸಡಕಿಗೆ ಡಾಂಬರು ಹಾಕತಕ್ಕದ್ದೋ, ಸಿಮೆಂಟಿನ ಕಾಂಕ್ರೀಟು ಹಾಕತಕ್ಕದ್ದೋ ಎಂಬ ವಾದವು ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಎದ್ದಿದೆ. ಕಾಂಕ್ರೀಟೆಂದರೆ ಸುಧಾರಣೆ, ಡಾಂಬರೆಂದರೆ ದಾರಿದ್ರ್ಯ ಎಂಬ ಭಾವನೆಯು ಪೌರರಲ್ಲಿ ಬೇರೂರುತ್ತಲಿದೆ. ಆದರೆ ಉಭಯಪಕ್ಷಗಳ ಅಹವಾಲನ್ನು ಕೇಳದೆ ಕೊಟ್ಟ ತೀರ್ಪು ನ್ಯಾಯವೆನಿಸದು.

ಕಾಂಕ್ರೀಟಿನ ಪಕ್ಷವು ಬಲವಾದುದೇ. ಅದು ಬಿಗಿಯಾದ ಹಾಸುಗಲ್ಲಿನಂತಿದ್ದು, ಗಾಡಿಯ ಭಾರವನ್ನು ಅಗಲವಾಗಿ ಹಂಚಿಕೊಡುತ್ತದೆ. ಬೇಸಿಗೆಗೆ ಮೆತ್ತಗಾಗದು, ನಿಂತ ನೀರಿಗೆ ಬೇಗನೆ ಸಡಿಲಾಗದು. ಸರಿಯಾಗಿ ಕಟ್ಟಿದರೆ 20-30 ವರ್ಷ ಬಾಳುತ್ತದೆ. ಸಿಮೆಂಟಿಗೆ ಬೇಕಾದ ಸುಣ್ಣಗಲ್ಲು ನಮ್ಮ ಕಲಬುರಗಿ, ಬಾಗಲಕೋಟೆಗಳಲ್ಲಿಯೇ ಹೇರಳವಾಗಿದೆ.

ಡಾಂಬರಿನ ಪಕ್ಷವೂ ನಿಸ್ಸಾರವಲ್ಲ. ಇಂದು ನಾವು ಡಾಂಬರೆಂದು ಕರೆಯುವುದು ಹಿಂದಿನ ಕಲ್ಲಿದ್ದಲಿನ ಡಾಂಬರಲ್ಲ. ಕಚ್ಚಾ ಎಣ್ಣೆಯನ್ನು ಶುದ್ಧಿಮಾಡಿದ ಬಳಿಕ ಉಳಿಯುವ ಬಿಟುಮೆನ್ನು. ಆ ಎಣ್ಣೆಯ ಬಹುಭಾಗವು ಪರದೇಶದಿಂದ ಬರತಕ್ಕದ್ದೆಂಬುದು ನಿಜ. ಆದರೂ ಇದರ ಮೊದಲ ವೆಚ್ಚವು ಸಾಮಾನ್ಯವಾಗಿ ಕಡಿಮೆ. ಹಾಕಿದ ದಿನವೇ ಗಾಡಿ ಓಡಿಸಬಹುದು. ತೇಪೆ ಹಾಕುವುದು ಸುಲಭ. ಕಾಂಕ್ರೀಟಿಗಾದರೋ ವಾರಗಟ್ಟಲೆ ನೀರುಣಿಸಬೇಕು. ಅದರ ಬಲವನ್ನು ಲೆಕ್ಕ ಹಿಡಿಯುವುದೇ 28ನೆಯ ದಿನಕ್ಕೆ. ಡಾಂಬರಿನ ಪರಮಶತ್ರು ನೀರು. ಅದು ಒಳಹೊಕ್ಕಿತೆಂದರೆ ಖಡಿಯ ಮೇಲಿನ ಲೇಪವು ಬಿಟ್ಟು, ಸಡಕು ಕಿತ್ತೇಳುತ್ತದೆ.

ಈ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯು ನಮ್ಮ ಎರೆಮಣ್ಣು. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ಗರಸಿನ ಭದ್ರ ಪಾಯವಿಲ್ಲದೆ, ಪಕ್ಕಕ್ಕೆ ಗಟಾರವಿಲ್ಲದೆ ಹಾಸಿದರೆ, ಡಾಂಬರು ಅಲೆಯಲೆಯಾಗುತ್ತದೆ, ಕಾಂಕ್ರೀಟು ಮೂಲೆ ಮುರಿಯುತ್ತದೆ. ದೋಷವು ಮೇಲಿನ ಹೊದಿಕೆಯದಲ್ಲ, ಕೆಳಗಿನ ಅಸಡ್ಡೆಯದು.

ನಮ್ಮ ಓಣಿಯ ಸಂಗತಿಯನ್ನೇ ಕೇಳಿರಿ. ಹಳೆಯ ಸಡಕನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಕಾಂಕ್ರೀಟು ಸುರಿದರು. ಸಡಕು ಗೇಣುದ್ದ ಮೇಲೆದ್ದಿತು. ಮನೆಗಳ ಹೊಸ್ತಿಲು ತಗ್ಗಿಗಿಳಿಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ನಳದ ಪೈಪಿಗೆಂದು ನಡುವೆಯೇ ಕಡಿದರು. ಮಣ್ಣು ತುಂಬಿ ಹೋದರು. ಮೊದಲ ದೊಡ್ಡ ಮಳೆಗೆ ನೆರೆಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಮೊಳಕಾಲು ನೀರು ನಿಂತಿತು. ಜೋಳದ ಚೀಲ ನೆನೆದುಹೋಯಿತು. ಆಕೆಯೂ ತೆರಿಗೆ ಕೊಟ್ಟವಳೇ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಲಾರಿ, ಬಸ್ಸುಗಳು ಓಡಾಡುವ ಹೆದ್ದಾರಿಗೂ ಪೇಟೆಗೂ ಕಾಂಕ್ರೀಟು ಯೋಗ್ಯ. ಆದರೆ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಮಾಡಿದಂತೆ ಪೈಪು, ತಂತಿಗಳಿಗೆ ಮೊದಲೇ ಬೇರೆ ದಾರಿ ಮಾಡಿರಬೇಕು. ನಳದ ಕೆಲಸ ಮುಗಿಯದ ಓಣಿಗೆ ಡಾಂಬರಾಗಲಿ, ಎತ್ತಿ ಮತ್ತೆ ಕೂಡಿಸಬಹುದಾದ ಸಿಮೆಂಟಿನ ಬಿಲ್ಲೆಗಳಾಗಲಿ ಸಾಕು. ಮರದ ಬುಡವನ್ನಂತೂ ಯಾವುದರಿಂದಲೂ ಮುಚ್ಚಕೂಡದು. ಭೂಮಿಗೂ ನೀರು ಬೇಕು.

ಪೌರಬಂಧುಗಳೇ, ಗುದ್ದಲಿಪೂಜೆಯ ದಿನ ಹಾರ ಹಿಡಿದು ನಿಲ್ಲುವ ಮೊದಲು ನಿಮ್ಮ ವಾರ್ಡಿನ ಸದಸ್ಯರನ್ನು ಮೂರು ಮಾತು ಕೇಳಿರಿ: ಗಟಾರವಾಯಿತೇ? ಪೈಪು ಹೂಳಿದ್ದಾಯಿತೇ? ಹೊಸ್ತಿಲಿಗಿಂತ ಸಡಕು ತಗ್ಗಿರುವುದೇ? ಇವಕ್ಕೆ ಉತ್ತರ ದೊರೆತ ಮೇಲೆ ಕರಿಯ ಸಡಕೋ ಬಿಳಿಯ ಸಡಕೋ ಎಂಬುದನ್ನು ನಿರ್ಣಯಿಸುವುದು ಕಷ್ಟವಲ್ಲ.