ಅಪ್ಪನ ಫೋನಿಗೆ ಬಂದ ಕೋಡ್

ಕಳೆದ ನವೆಂಬರಿನ ಒಂದು ಗುರುವಾರ ರಾತ್ರಿ ನನ್ನ ಲ್ಯಾಪ್‌ಟಾಪ್ 14 ಮೆಟ್ಟಿಲು ಇಳಿಯಿತು. ಅಷ್ಟರಲ್ಲಿ ನಾನು ಇಳಿದದ್ದು ಮೂರೇ ಮೆಟ್ಟಿಲು.

ನೆದರ್‌ಲ್ಯಾಂಡ್ಸ್‌ನ ಹಳೇ ಮನೆಗಳ ಮೆಟ್ಟಿಲು ನೋಡಿದವರಿಗೆ ಇದು ಅರ್ಥವಾಗುತ್ತೆ. ನಮ್ಮೂರ ಕಡೆ ಅಟ್ಟಕ್ಕೆ ಹತ್ತೋ ಏಣಿ ಇರುತ್ತಲ್ಲ, ಹೆಚ್ಚುಕಮ್ಮಿ ಅಷ್ಟೇ ಕಡಿದು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್, ಕಾಲಲ್ಲಿ ಉಣ್ಣೆ ಸಾಕ್ಸ್. ಜಾರಿದಾಗ ನಾನು ಬಿಗಿಯಾಗಿ ಹಿಡಿದುಕೊಂಡದ್ದು ಟೀ ಲೋಟವನ್ನು.

ಕೆಳಗೆ ಹೋಗಿ ಎತ್ತಿಕೊಂಡೆ. ಒಂದು ಮೂಲೆ ನಜ್ಜುಗುಜ್ಜಾಗಿತ್ತು. ಪರದೆ ಒಡೆದಿರಲಿಲ್ಲ. ‘ಸದ್ಯ!’ ಅಂದುಕೊಂಡು ಪವರ್ ಬಟನ್ ಒತ್ತಿದೆ. ಏನೂ ಇಲ್ಲ. ದೀಪವಿಲ್ಲ, ಫ್ಯಾನ್ ಸದ್ದಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನನಗೆ ಸಂದರ್ಶನವಿತ್ತು. ನಾನು ಐಂಡ್‌ಹೋವನ್‌ನಲ್ಲಿ ಎಂ.ಎಸ್. ಮುಗಿಸಿ ‘ಝೂಕ್‌ಯಾರ್’ನಲ್ಲಿದ್ದೆ. ಡಚ್ ಭಾಷೆಯಲ್ಲಿ ಹಾಗೆಂದರೆ ಹುಡುಕಾಟದ ವರ್ಷ. ಓದು ಮುಗಿಸಿದವರಿಗೆ ಕೆಲಸ ಹುಡುಕಿಕೊಳ್ಳಲು ಇಲ್ಲಿನ ಸರ್ಕಾರ ಕೊಡುವ ಒಂದು ವರ್ಷದ ಅನುಮತಿ. ಅಷ್ಟರೊಳಗೆ ನಮ್ಮಂಥವರನ್ನು ಕರೆಸಿಕೊಳ್ಳಲು ಮಾನ್ಯತೆ ಇರುವ ಕಂಪನಿಯಲ್ಲಿ ಕೆಲಸ ಸಿಗಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ನನಗೆ ಉಳಿದಿದ್ದದ್ದು ಮೂರು ತಿಂಗಳು. ಸೋಮವಾರ ತೋರಿಸಬೇಕಿದ್ದ ಪ್ರೆಸೆಂಟೇಶನ್, ಅದರ ಹಿಂದಿನ ಆರು ತಿಂಗಳ ಪ್ರಾಜೆಕ್ಟ್, ಎಲ್ಲಾ ಆ ಲ್ಯಾಪ್‌ಟಾಪ್‌ನಲ್ಲೇ ಇತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಕ್ಲೌಡ್ ಸ್ಟೋರೇಜ್ ತುಂಬಿದೆ ಅಂತ ಎರಡು ತಿಂಗಳಿಂದ ಬರುತ್ತಿದ್ದ ಸೂಚನೆಯನ್ನು ದಿನಾ ಮುಚ್ಚುತ್ತಿದ್ದವಳು ನಾನೇ.

ಹಾಸನದ ಮನೆಯಲ್ಲಿ ನಾನು ಆಗಸ್ಟ್‌ನಲ್ಲೇ ಒಂದು ಸುಳ್ಳು ಹೇಳಿದ್ದೆ. “ಒಂದು ಕಂಪನಿ ಸೇರ್ಕೊಂಡೆ ಅಪ್ಪ” ಅಂತ. ಸೇರಿದ್ದು ನಿಜ. ಆದರೆ ಅದು ಪಾರ್ಸೆಲ್ ಗೋದಾಮು. ಡಬ್ಬಿಗಳನ್ನು ವಿಂಗಡಿಸುವ ಕೆಲಸ. ಶಿಕ್ಷಣ ಸಾಲದ ಕಂತು ಅದರಿಂದಲೇ ಹೋಗುತ್ತಿತ್ತು.

ಅಪ್ಪ 31 ವರ್ಷ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. “ಸ್ಟಾರ್ಟ್ ಆಗ್ತಿಲ್ಲ ಅನ್ನೋದು ಕಾಯಿಲೆ ಹೆಸರಲ್ಲ. ಎಲ್ಲಿವರೆಗೆ ಕರೆಂಟ್ ಬರ್ತಿದೆ, ಎಲ್ಲಿ ನಿಂತೋಗಿದೆ ಅಂತ ಹುಡುಕ್ಬೇಕು” ಅನ್ನುತ್ತಿದ್ದರು. ಆ ರಾತ್ರಿ ಅವರಿಗೆ ಫೋನ್ ಮಾಡುವ ಧೈರ್ಯವಿರಲಿಲ್ಲ. ಮಾತನ್ನು ಮಾತ್ರ ನೆನಪಿಸಿಕೊಂಡೆ.

ಮೊದಲು ಬ್ಯಾಟರಿ. ತಳ ಉಬ್ಬಿದೆಯಾ, ಬಿಸಿಯಾಗಿದೆಯಾ, ವಿಚಿತ್ರ ವಾಸನೆ ಬರುತ್ತಿದೆಯಾ ಅಂತ ನೋಡಿದೆ. ಇದರಲ್ಲಿ ಯಾವುದಾದರೂ ಒಂದಿದ್ದರೆ ಚಾರ್ಜರ್ ಸಿಕ್ಕಿಸಲೇಬಾರದು. ಪೆಟ್ಟು ಬಿದ್ದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ನನ್ನದರಲ್ಲಿ ಅಂಥದ್ದೇನೂ ಕಾಣಲಿಲ್ಲ.

ಆಮೇಲೆ ಚಾರ್ಜರ್ ತೆಗೆದಿಟ್ಟು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ಚಾರ್ಜ್ ಇಳಿದುಹೋಗಲಿ ಅಂತ. ಎಷ್ಟೋ ಸಲ ಇಷ್ಟಕ್ಕೇ ಯಂತ್ರ ಎದ್ದು ಕೂರುತ್ತದೆ. ಏಳಲಿಲ್ಲ. ಕೆಳಗಿನ ಮನೆಯ ಹುಡುಗಿಯ ಬಳಿ ಅದೇ ಪಿನ್ನಿನ ಚಾರ್ಜರ್ ಇತ್ತು. ಇಸ್ಕೊಂಡು ಬಂದು ಹಾಕಿದೆ. ದೀಪ ಬರಲಿಲ್ಲ.

ಯಂತ್ರ ಓಡುತ್ತಿದ್ದು ಪರದೆ ಮಾತ್ರ ಹೋಗಿರಬಹುದಲ್ಲ? ಅದಕ್ಕೆ ಮೂರು ಪರೀಕ್ಷೆ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಬರುತ್ತಾ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಮಸುಕಾಗಿ ಏನಾದರೂ ಕಾಣುತ್ತಾ, ಎಚ್‌ಡಿಎಂಐ ಕೇಬಲ್‌ನಲ್ಲಿ ಟಿ.ವಿ.ಗೆ ಜೋಡಿಸಿದರೆ ಚಿತ್ರ ಬರುತ್ತಾ? ಮೂರಕ್ಕೂ ಇಲ್ಲ. ಅಂದರೆ ಪರದೆಯ ತೊಂದರೆಯಲ್ಲ. ಕರೆಂಟೇ ಒಳಗೆ ಹೋಗುತ್ತಿಲ್ಲ.

ಶುಕ್ರವಾರ ಒಂದು ರಿಪೇರಿ ಅಂಗಡಿಗೆ ಹೋದೆ. ಬಿಚ್ಚಿ ನೋಡುವುದಕ್ಕೇ 50 ಯೂರೋ, ಉತ್ತರ ಹೇಳಲು ಹತ್ತು ದಿನ. ವಾರಂಟಿ ಕೇಳಿದೆ. ನಾನು ಬೆಂಗಳೂರಿನಲ್ಲಿ ಕೊಂಡ ಮಾಡೆಲ್‌ಗೆ ಭಾರತದಲ್ಲಷ್ಟೇ ವಾರಂಟಿ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಬೀಳಿಸಿ ಕೆಡಿಸಿದ್ದಕ್ಕೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ವಿಮೆ ಮಾಡಿಸಿರಬೇಕು.

ಗೆಳತಿಯೊಬ್ಬಳು, “ಭಾನುವಾರ ನಮ್ಮ ಅಕ್ಕ ಬೆಂಗಳೂರಿಗೆ ಹೋಗ್ತಿದಾಳೆ ಕಣೇ. ಕೊಟ್ಟು ಕಳ್ಸು, ಎಸ್.ಪಿ. ರೋಡಲ್ಲಿ ಒಂದೇ ದಿನಕ್ಕೆ ರೆಡಿ ಮಾಡ್ತಾರೆ” ಅಂದಳು. ಎಸ್.ಪಿ. ರೋಡಿನ ಮೇಲೆ ನನಗೂ ಅಪಾರ ನಂಬಿಕೆ. ಆದರೆ ಸೋಮವಾರಕ್ಕೆ ಅದು ವಾಪಸ್ ಬರಲ್ಲ. ಜೊತೆಗೆ, ಹಾನಿಯಾಗಿರುವ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಒಳಗೆ ಏನಾಗಿದೆಯೋ ಗೊತ್ತಿಲ್ಲದೆ ಬೇರೆಯವರ ಬ್ಯಾಗಿಗೆ ಅದನ್ನು ಹಾಕೋದು ಹೇಗೆ?

ಅವಳೇ ಇನ್ನೊಂದು ದಾರಿ ಹೇಳಿದಳು. ರಿಪೇರಿ ಕೆಫೆ.

ಇದು ಈ ದೇಶದಲ್ಲೇ ಹುಟ್ಟಿದ್ದು. 2009ರಲ್ಲಿ ಮಾರ್ಟಿನ್ ಪೋಸ್ಟ್‌ಮಾ ಎಂಬ ಪತ್ರಕರ್ತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ರಿಪೇರಿ ಕೆಫೆ ನಡೆಸಿದರು. ಕೆಟ್ಟ ಸಾಮಾನನ್ನು ಎಸೆಯುವ ಬದಲು ತಂದರೆ, ಕೈಕೆಲಸ ಗೊತ್ತಿರುವ ಸ್ವಯಂಸೇವಕರು ನಿಮ್ಮನ್ನು ಪಕ್ಕದಲ್ಲೇ ಕೂರಿಸಿಕೊಂಡು ಸರಿಮಾಡುತ್ತಾರೆ. ಶುಲ್ಕವಿಲ್ಲ. ಮನಸ್ಸಿದ್ದರೆ ಡಬ್ಬಿಗೆ ಕಾಣಿಕೆ ಹಾಕಬಹುದು. ಈಗ ಇದು ಎಷ್ಟೋ ದೇಶಗಳಿಗೆ ಹಬ್ಬಿದೆ, ಬೆಂಗಳೂರಿನಲ್ಲೂ ನಡೆದಿದೆ.

ಶನಿವಾರ ಮಧ್ಯಾಹ್ನ ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಹೋದೆ. ಒಂದು ಮೇಜಿನಲ್ಲಿ ಹೊಲಿಗೆ, ಇನ್ನೊಂದರಲ್ಲಿ ಕಾಫಿ ಮಷೀನ್, ಮತ್ತೊಂದರಲ್ಲಿ ಮಗುವಿನ ಆಟದ ರೈಲು. ನನ್ನ ಪಾಲಿಗೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಅಜ್ಜ, ಜೀವನವಿಡೀ ಟಿ.ವಿ. ರಿಪೇರಿ ಮಾಡಿದವರು. ತಳದ ಸ್ಕ್ರೂಗಳನ್ನು ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿದರು. ರ‍್ಯಾಮ್ ತೆಗೆದು ಮತ್ತೆ ಒತ್ತಿ ಕೂರಿಸಿದರು. ಬಿದ್ದ ಯಂತ್ರದಲ್ಲಿ ಅದು ಸಡಿಲವಾಗಿರುವುದುಂಟು. ಆಮೇಲೆ ಮಲ್ಟಿಮೀಟರ್ ಹಿಡಿದರು. ಚಾರ್ಜರಿಂದ 19 ವೋಲ್ಟ್ ಸರಿಯಾಗಿ ಬರುತ್ತಿತ್ತು, ಪಿನ್ ದಾಟಿ ಬೋರ್ಡಿಗೂ ಹೋಗುತ್ತಿತ್ತು. ಅಲ್ಲಿಂದ ಮುಂದೆ ಇಲ್ಲ. ನಜ್ಜಾದ ಮೂಲೆಯ ಹತ್ತಿರವೇ ಬೋರ್ಡಿನಲ್ಲಿ ಕೂದಲೆಳೆಯಂಥ ಬಿರುಕು. ಭೂತಗನ್ನಡಿ ಕೊಟ್ಟು ನನಗೂ ತೋರಿಸಿದರು.

“ಕಪೊಟ್” ಅಂದರು. ನನ್ನ ಕಿವಿಗೆ ‘ಕಪಾಟು’ ಅಂತ ಕೇಳಿಸಿತು. ಡಚ್‌ನಲ್ಲಿ ಅದರ ಅರ್ಥ ಕೆಟ್ಟುಹೋಗಿದೆ.

ನನ್ನ ಮುಖ ನೋಡಿರಬೇಕು. ಒಳಗಿನಿಂದ ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿದ್ದ ಒಂದು ತುಂಡು ತೆಗೆದು ನನ್ನ ಅಂಗೈಮೇಲಿಟ್ಟರು. ಎಸ್‌ಎಸ್‌ಡಿ. “ನಿನ್ನ ಕೆಲಸ ಇರುವುದು ಇದರಲ್ಲಿ. ಇದಕ್ಕೇನೂ ಆಗಿರಲಿಕ್ಕಿಲ್ಲ” ಅಂದರು. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ತಿರುಗುವ ತಟ್ಟೆ ಇರುತ್ತದೆ. ಬಿದ್ದ ಮೇಲೆ ಅದು ಟಕ್ ಟಕ್ ಅಂದರೆ ಮತ್ತೆ ಮತ್ತೆ ಆನ್ ಮಾಡಬಾರದು, ಇದ್ದದ್ದೂ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಹಾಗಾಗಿ ಬಿದ್ದರೂ ಬಹುತೇಕ ಉಳಿಯುತ್ತದೆ. ಮ್ಯಾಕ್‌ಬುಕ್‌ನಂಥ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಅದು ಬೋರ್ಡಿಗೇ ಅಂಟಿಕೊಂಡಿರುತ್ತದೆ, ಹೀಗೆ ಕಳಚಲು ಬರಲ್ಲ.

ಅದನ್ನು ಪುಟ್ಟ ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂರಿಸಿ, ಗೆಳತಿಯ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆವು. ಡ್ರೈವ್ ಕಾಣಿಸಿತು. ಪಕ್ಕದಲ್ಲಿ ಬೀಗದ ಚಿತ್ರವೂ ಕಾಣಿಸಿತು. ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅಂತು.

ನಾನು ಯಾವತ್ತೂ ಬೀಗ ಹಾಕಿದವಳಲ್ಲ. ಆದರೆ ಇತ್ತೀಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಸಲ ಅದು ತಾನಾಗಿಯೇ ಬಿದ್ದಿರುತ್ತದೆ. ಕಳ್ಳರ ಕೈಗೆ ಸಿಕ್ಕರೂ ಒಳಗಿರುವುದು ಸಿಗದಿರಲಿ ಅಂತ. ಬೀಗದ ಕೈ 48 ಅಂಕಿಯದು, ಖಾತೆಯಲ್ಲೇ ಉಳಿದಿರುತ್ತದೆ. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಖಾತೆಗೆ ಹೋದೆ. ಹೊಸ ಯಂತ್ರ, ನೀನೇ ಅಂತ ಖಾತ್ರಿಪಡಿಸು ಅಂದಿತು. ಕೋಡ್ ಹೋಗುವುದು ನನ್ನ ಹಳೆಯ ಭಾರತದ ನಂಬರಿಗೆ.

ಆ ಸಿಮ್ ಹಾಸನದಲ್ಲಿತ್ತು, ಅಪ್ಪನ ಫೋನಿನ ಎರಡನೇ ಸ್ಲಾಟಿನಲ್ಲಿ. ಬ್ಯಾಂಕಿನ ಓಟಿಪಿ ಬರಬೇಕಲ್ಲ ಅಂತ ನಾನೇ ಹಾಕಿಕೊಟ್ಟು ಬಂದಿದ್ದೆ.

ಇಲ್ಲಿ ಮಧ್ಯಾಹ್ನ ಮೂರು, ಅಲ್ಲಿ ಸಂಜೆ ಏಳೂವರೆ. ಫೋನ್ ಮಾಡಿದೆ.

“ಅಪ್ಪ, ನನ್ನ ಹಳೇ ನಂಬರಿಗೆ ಈಗ ಒಂದು ಮೆಸೇಜ್ ಬರುತ್ತೆ. ಅದರಲ್ಲಿರೋ ನಂಬರ್ ಸ್ವಲ್ಪ ಓದ್ತೀರಾ?”

ಆ ಕಡೆ ಸದ್ದಿಲ್ಲ. ಆಮೇಲೆ, “ಯಾರು ಮಾತಾಡ್ತಿರೋದು?”

“ನಾನೇ ಅಪ್ಪ!”

“ನಾನೇ ಅಂದ್ರೆ? ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕ್‌ನೋರು ಬಡ್ಕೋತಾರೆ. ಈಗ ಮಕ್ಕಳ ಧ್ವನೀಲೇ ಮಾತಾಡಿ ದುಡ್ಡು ಹೊಡೀತಾರಂತೆ. ಪೇಪರ್‌ನಲ್ಲಿ ಬಂದಿತ್ತು.”

ಫೋನ್ ಇಟ್ಟೇಬಿಟ್ಟರು. ನಾನು ವೀಡಿಯೊ ಕಾಲ್ ಮಾಡಿದೆ. ನನ್ನ ಮುಖ, ಹಿಂದಿನ ಅಜ್ಜ, ಬಿಚ್ಚಿಟ್ಟ ಲ್ಯಾಪ್‌ಟಾಪ್ ಎಲ್ಲಾ ನೋಡಿದ ಮೇಲೆ ಅಪ್ಪನ ದನಿ ಬದಲಾಯಿತು. “ಏನಾಯ್ತು ಪುಟ್ಟಿ?”

ಬಿತ್ತು, ಬೋರ್ಡ್ ಹೋಗಿದೆ, ಒಳಗಿರೋ ಫೈಲ್ ತೆಗೀಬೇಕು ಅಂದೆ. ಅಷ್ಟರಲ್ಲಿ ಮೊದಲನೇ ಕೋಡ್‌ನ ಅವಧಿ ಮುಗಿದಿತ್ತು. ಇನ್ನೊಂದು ಕಳಿಸಲು ಒತ್ತಿದೆ. ಕಾಯುತ್ತಿರುವಾಗ ಅಪ್ಪ ಸಹಜವಾಗಿ ಕೇಳಿದರು:

“ಅಲ್ಲಮ್ಮ, ಆಫೀಸ್‌ನೋರು ಬೇರೆ ಲ್ಯಾಪ್‌ಟಾಪ್ ಕೊಡಲ್ವಾ?”

ಇನ್ನೊಂದು ಸುಳ್ಳು ಬಾಯಿಗೆ ಬಂದಿತ್ತು. ಕೊಡ್ತಾರೆ ಅಪ್ಪ, ಸೋಮವಾರ, ಅನ್ನಬಹುದಿತ್ತು. ಎರಡು ದಿನದಿಂದ ನಿದ್ದೆ ಇರಲಿಲ್ಲ. “ಆಫೀಸಿಲ್ಲ ಅಪ್ಪ. ನಾನು ಗೋದಾಮಿನಲ್ಲಿ ಕೆಲಸ ಮಾಡ್ತಿದೀನಿ. ಸೋಮವಾರ ಇಂಟರ್‌ವ್ಯೂ ಇದೆ” ಅಂದುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜನಿಗೆ ಕನ್ನಡ ಬರಲ್ಲ. ಆದರೂ ಕಾಫಿ ತರುವ ನೆಪದಲ್ಲಿ ಎದ್ದು ಹೋದರು.

ಅಪ್ಪ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಮೆಸೇಜ್ ಬಂದ ಸದ್ದಾಯಿತು. ಕನ್ನಡಕ ಹುಡುಕಿ ಹಾಕಿಕೊಂಡರು. “ಬರ್ಕೊ. ಟೈಮ್ ಆಗೋಗುತ್ತೆ” ಅಂದು ಒಂದೊಂದೇ ಅಂಕಿಯನ್ನು ಎರಡೆರಡು ಸಲ ಓದಿದರು.

ಖಾತೆ ತೆರೆಯಿತು. ಪರದೆಯ ಮೇಲಿದ್ದ ಕೀ ಐಡಿ, ಖಾತೆಯಲ್ಲಿದ್ದ ಐಡಿ ಎರಡೂ ಒಂದೇ ಅಂತ ನೋಡಿಕೊಂಡು, ಆರಾರು ಅಂಕಿಯ ಎಂಟು ಗುಂಪು ಟೈಪ್ ಮಾಡಿದೆ. ಬೀಗ ತೆರೆಯಿತು. ಪ್ರೆಸೆಂಟೇಶನ್ ಇತ್ತು. ಆರು ತಿಂಗಳ ಕೆಲಸ ಇತ್ತು. ಎಲ್ಲಾ ಇತ್ತು. ಅಜ್ಜ ಕಾಫಿ ಕೊಟ್ಟು, “ಈಗಲೇ ಎರಡು ಕಡೆ ಕಾಪಿ ಮಾಡಿಕೋ, ಆಮೇಲೆ ಕುಡಿ” ಅಂದರು.

ರಾತ್ರಿ ಅಪ್ಪನೇ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. “ಗೋದಾಮಿನ ಕೆಲಸ ಮಾಡಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಾನೂ ಕೈ ಮಸಿ ಮಾಡ್ಕೊಂಡೇ ನಿನ್ನ ಓದ್ಸಿದ್ದು. ಹೇಳಲಿಲ್ವಲ್ಲ, ಅದಕ್ಕೆ ಬೇಜಾರು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮಮ್ಮಂಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.” ಹೇಳಿದೆ. ಅಮ್ಮ ಅತ್ತರು, ಬೈದರು, ಮಾರನೇ ದಿನ ತಾವೇ ಫೋನ್ ಮಾಡಿ ಮಾತಾಡಿದರು.

ಸೋಮವಾರ ಗೆಳತಿಯ ಲ್ಯಾಪ್‌ಟಾಪ್ ತೆಗೆದುಕೊಂಡು ಸಂದರ್ಶನಕ್ಕೆ ಹೋದೆ. ಚೆನ್ನಾಗೇ ಆಯಿತು, ಆದರೆ ಆ ಕೆಲಸ ಸಿಗಲಿಲ್ಲ. ಇ-ಮೇಲ್ ಬಂದ ಐದು ನಿಮಿಷಕ್ಕೆ ಅಪ್ಪನಿಗೆ ಹೇಳಿದೆ. “ಮುಂದಿಂದು ಯಾವತ್ತು?” ಅಂತಷ್ಟೇ ಕೇಳಿದರು. ಜನವರಿ ಕೊನೆಯಲ್ಲಿ, ಅನುಮತಿ ಮುಗಿಯಲು ಇನ್ನು ಕೆಲವೇ ವಾರ ಇರುವಾಗ ಬೇರೊಂದು ಕಡೆ ಕೆಲಸ ಸಿಕ್ಕಿತು.

ಹಳೇ ಲ್ಯಾಪ್‌ಟಾಪ್ ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಅದರ ಎಸ್‌ಎಸ್‌ಡಿ ಈಗ ನನ್ನ ಬ್ಯಾಕಪ್ ಡ್ರೈವ್. ಖಾತೆಗೆ ಇಲ್ಲಿನ ನಂಬರ್, ಇನ್ನೊಂದು ಇ-ಮೇಲ್, ಅಥೆಂಟಿಕೇಟರ್ ಆ್ಯಪ್ ಮೂರನ್ನೂ ಸೇರಿಸಿದ್ದೇನೆ. ಹೊಸ ಲ್ಯಾಪ್‌ಟಾಪಿನ 48 ಅಂಕಿಯ ಕೀಯನ್ನು ಅಪ್ಪ ತಮ್ಮ ಡೈರಿಯ ಕೊನೇ ಪುಟದಲ್ಲಿ ಎಂಟು ಸಾಲಾಗಿ ಬರೆದುಕೊಂಡಿದ್ದಾರೆ.

ನೀವು ಇದನ್ನು ಓದುತ್ತಿರುವುದು ಫೋನಿನಲ್ಲೇ ಅಲ್ಲವೇ? ಹಾಗಾದರೆ ಈಗಲೇ ಎರಡು ನಿಮಿಷ ಖರ್ಚು ಮಾಡಿ. ನಿಮ್ಮ ಮುಖ್ಯ ಖಾತೆಯ ಕೋಡ್ ಯಾವ ನಂಬರಿಗೆ ಹೋಗುತ್ತದೆ, ಆ ಸಿಮ್ ಈಗ ಯಾರ ಹತ್ತಿರ ಇದೆ ಅಂತ ನೋಡಿಕೊಳ್ಳಿ. ಅದು ಅಪ್ಪನ ಹತ್ತಿರವೋ ಅಮ್ಮನ ಹತ್ತಿರವೋ ಇದ್ದರೆ, ಕೋಡ್ ಕೇಳಬೇಕಾದ ದಿನ ಬರುವ ಮುಂಚೆ ಸುಮ್ಮನೆ ಒಂದು ಫೋನ್ ಮಾಡಿ. ವೀಡಿಯೊ ಕಾಲೇ ಮಾಡಿ.